ಕೋರಂ ಇಲ್ಲದ ಏಳು ನಿಮಿಷ

ಜುಲೈ ತಿಂಗಳ ಕ್ಯಾನ್‌ಬೆರಾ. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ
ಹೆಪ್ಪುಗಟ್ಟಿದ ಇಬ್ಬನಿ.
ಕಾರಿನ ಗಾಜನ್ನು ಹಳೆಯ ಲೈಬ್ರರಿ ಕಾರ್ಡಿನಿಂದ ಕೆರೆದು
ಎಂಟೂಮುಕ್ಕಾಲಿಗೆ ಬಂದು ಕೂತೆ.
ಸಾರ್ವಜನಿಕ ಆಡಳಿತ ತರಬೇತಿ ಸಂಸ್ಥೆ, ಎರಡನೆಯ ಮಹಡಿ,
ಆಡಳಿತ ಮಂಡಲಿಯ ಅರವತ್ತೊಂದನೆಯ ಸಭೆ.
ನಡಾವಳಿ ಬರೆಯುವವಳು ನಾನು, ಅನಸೂಯಾ.
ಉದ್ದವಾಯಿತೆಂದು ಇವರು ಹೆಸರನ್ನು ಕತ್ತರಿಸಿ
ಒಂಬತ್ತು ವರ್ಷದಿಂದ
ಇಡೀ ಕಚೇರಿಗೆ ನಾನು ಅಣ್ಣ.

ಗೋಡೆಯ ಮೇಲೆ ಸಂಸ್ಥೆಯ ನಕ್ಷೆ.
ನಾನೇ ಬಿಡಿಸಿದ್ದು, ಹದಿನಾಲ್ಕನೆಯ ಆವೃತ್ತಿ.
ತುದಿಯಲ್ಲಿ ಮಂತ್ರಿ, ಕೆಳಗೆ ಮಂಡಲಿ, ಅದರ ಕೆಳಗೆ ನಿರ್ದೇಶಕ,
ಅವನ ಕೆಳಗೆ ಮೂರು ಚೌಕ.
ನಡುವಿನದು ಕುಲಸಚಿವರದು. ಡೆಸ್ಮಂಡ್ ಕ್ವಿಲ್ಟಿ ನಿವೃತ್ತನಾಗಿ ಮೂರು ವರ್ಷ,
ಚೌಕ ಖಾಲಿ,
ಅದರ ಕೈಕೆಳಗೆ ಹನ್ನೊಂದು ಜನ.
ಕನ್ನಡದಲ್ಲಿ ಹಾಗೇ ಅಲ್ಲವೇ ಅನ್ನುವುದು, ಕೈಕೆಳಗೆ ಅಂತ.
ಇಲ್ಲದ ಕೈ. ಅದರ ಕೆಳಗೆ
ರಜಾ ಅರ್ಜಿ, ಪ್ರಯಾಣ ಭತ್ಯೆ, ಹೆರಿಗೆಗೆ ಹೊರಟ ಬ್ರಾನ್‌ವಿನ್.
ಸಹಿ ನನ್ನದು, ಮೇಲೆ ‘ಪರವಾಗಿ’ ಎಂದು ಬರೆದು.

ಪಕ್ಕಕ್ಕೆ ಹೊರಟ ಚುಕ್ಕೆಗೆರೆ
ವಿಶ್ವವಿದ್ಯಾಲಯದಿಂದ ಎರವಲು ಬಂದ ಬೋಧಕರಿಗೆ.
ಹಾವೇರಿಯಲ್ಲಿ ನಮ್ಮ ಅಂಗಳಕ್ಕೆ ಚುಕ್ಕಿ ಮೊದಲು, ಗೆರೆ ಆಮೇಲೆ,
ಸುತ್ತಿ ಬಳಸಿ ಒಂದನ್ನೂ ಹೊರಗೆ ಬಿಡದೆ ಬರುತ್ತಿತ್ತು.
ಇಲ್ಲಿ ಚುಕ್ಕಿ ಎಂದರೆ ಅರ್ಧ ಸಂಬಂಧ.

ಮಂಡಲಿಗೆ ಒಂಬತ್ತು ಸದಸ್ಯರು, ಐವರಿದ್ದರೆ ಸಭೆ.
ಬಂದವರು ನಾಲ್ವರು.
ಐದನೆಯವನು, ಕಾಲಿನ್ ಟ್ರೆಲೋರ್, ವಾಗಾ ವಿಮಾನ ನಿಲ್ದಾಣದಲ್ಲಿ
ಮಂಜು ಕರಗಲೆಂದು ಕಾಯುತ್ತ ಫೋನಿನಲ್ಲಿ.
ಮೇಜಿನ ನಡುವೆ ಕಪ್ಪು ನಕ್ಷತ್ರಮೀನಿನಂಥ ಸ್ಪೀಕರು,
ಅದರೊಳಗೆ ಅವನ ಕೆಮ್ಮು, ಯಾರದೋ ಮಗುವಿನ ಅಳು,
ನಮ್ಮ ಕಾನೂನುಬದ್ಧತೆ ಪೂರ್ತಿ.

ವಿಷಯ ನಾಲ್ಕು: ಕುಲಸಚಿವ ಹುದ್ದೆಯನ್ನು
ಮುಂದಿನ ಆದೇಶದವರೆಗೆ ತಡೆಹಿಡಿಯುವುದು.
ಹತ್ತು ನಲವತ್ತೆರಡಕ್ಕೆ ಲೈನು ಕಡಿಯಿತು.
ಅಧ್ಯಕ್ಷೆ ಫಿಲಿಪ್ಪಾ ಗ್ಯಾರಿಟಿ ಗಡಿಯಾರ ನೋಡಿ ನನ್ನತ್ತ ತಿರುಗಿದರು:
‘ಕೋರಂ ಇಲ್ಲ. ಪೆನ್ನು ಕೆಳಗಿಡಿ.’
ಇಟ್ಟೆ.

ಮೊದಲು ಯಾರೂ ಮಾತಾಡಲಿಲ್ಲ. ಕಿಟಕಿಯಾಚೆ ಒಂದು ಮ್ಯಾಗ್‌ಪೈ
ಗಂಟಲಲ್ಲಿ ನೀರು ತುಂಬಿಕೊಂಡು ಹಾಡಿತು.
ಲೆಕ್ಕಪರಿಶೋಧನೆಯ ಹೊವಾರ್ಡ್ ಶೂ ಕಳಚಿ ಪಾದ ತಿಕ್ಕಿಕೊಂಡ.
ಖಜಾನೆಯ ಮಾರ್ನಿ ಬಿಸ್ಕತ್ತಿನ ಪೊಟ್ಟಣ ಒಡೆದಳು.
ನಿರ್ದೇಶಕ ತಾವಿತಾ ಎದ್ದು ನಕ್ಷೆಯೆದುರು ನಿಂತ:
‘ನಾಳೆ ಮೂವತ್ತು ಮಂದಿ ಬರುತ್ತಾರೆ,
ನಗರಸಭೆ, ಆಸ್ಪತ್ರೆ, ನೀರು ಸರಬರಾಜಿನವರು.
ಹೊಣೆಗಾರಿಕೆ ಎಂದರೇನು, ಪಾಠ ನನ್ನದು.
ಈ ಖಾಲಿ ಚೌಕದ ಮೇಲೆ ಕ್ಯಾಲೆಂಡರು ತೂಗುಹಾಕಿ
ಪಾಠ ಮಾಡುತ್ತೇನೆ, ಮೂರು ವರ್ಷದಿಂದ.’
‘ಸಂಬಳ ಉಳಿಯುತ್ತದೆ ಅಂದವಳು ನಾನು,’ ಅಂದರು ಫಿಲಿಪ್ಪಾ,
‘ಉಳಿದ ದುಡ್ಡಲ್ಲಿ ಲಾಬಿಗೆ ಕಾರ್ಪೆಟ್ ಬಂತು.’
ಕನ್ನಡಕ ತೆಗೆದು ಒರೆಸಿದರು
ಅಗತ್ಯಕ್ಕಿಂತ ಹೆಚ್ಚು ಹೊತ್ತು.
‘ಹಾಗಾದರೆ ಇಷ್ಟು ದಿನ ಆ ಕೆಲಸ ಮಾಡ್ತಿರೋದು ಯಾರು?’

ನಾಲ್ಕು ಜೊತೆ ಕಣ್ಣು ನನ್ನ ಮೇಲೆ,
ಆಮೇಲೆ ನಕ್ಷೆಯ ಮೇಲೆ, ನನ್ನ ಚೌಕ ಹುಡುಕುತ್ತ.
ನಾನೂ ಹುಡುಕಿದೆ.
ಬಿಡಿಸುವಾಗ ನನ್ನನ್ನೇ ಬಿಟ್ಟಿದ್ದೆ,
ವಿನಯಕ್ಕಲ್ಲ, ಹಾಳೆಯಲ್ಲಿ ಜಾಗ ಸಾಲಲಿಲ್ಲ.

ಹತ್ತು ನಲವತ್ತೊಂಬತ್ತು. ‘ಹಲೋ? ಕೇಳಿಸ್ತಿದೆಯಾ?’
ಕಾಲಿನ್ನನ ಕೆಮ್ಮು. ಮಗು ಸುಮ್ಮನಾಗಿತ್ತು.
ಹೊವಾರ್ಡ್ ಶೂ ಹಾಕಿಕೊಂಡ.
ತಡೆಹಿಡಿಯಲು ಸೂಚನೆ ಅವನದು, ಅನುಮೋದನೆ ಫೋನಿನದು.
ನಿರ್ದೇಶಕ ಮತ ಹಾಕಲಿಲ್ಲ.
ಅಷ್ಟನ್ನು ಬರೆಯಲು ನಿಯಮ ಬಿಡುತ್ತದೆ, ಬರೆದೆ.

ಉಳಿದದ್ದಕ್ಕೆ ನಡಾವಳಿಯಲ್ಲಿ ಒಂದೇ ಸಾಲು:
‘೧೦.೪೨ರಿಂದ ೧೦.೪೯ರವರೆಗೆ ಕೋರಂ ಇರಲಿಲ್ಲ.’

ಸಂಜೆ ಐದಕ್ಕೇ ಕತ್ತಲು. ಹೀಟರು ಟಿಕ್ ಟಿಕ್ ಎನ್ನುತ್ತಿತ್ತು.
ಬ್ರಾನ್‌ವಿನ್ನಳ ಹೆರಿಗೆ ರಜೆಗೆ ಸಹಿ ಹಾಕಿದೆ.
‘ಪರವಾಗಿ’ ಬರೆಯಲು ಮರೆತೆ.
ಮರೆತೆ ಅಂತಲೇ ಇಟ್ಟುಕೊಳ್ಳಿ.