ಎಷ್ಟು ಮೊಳ

ಮಂಗಳವಾರ, ಗುರುವಾರ, ಮಧ್ಯಾಹ್ನ ಎರಡರ ಮೇಲೆ
ಬೆನೆವೆನುತೊ ಬೀಗ ತೆರೆಯುತ್ತಾನೆ.
ಚೀಲ ಹೊರಗೆ, ಪೆನ್ನು ಹೊರಗೆ,
ಸೀಸದಕಡ್ಡಿಗೆ ಮಾತ್ರ ಒಳಗೆ ಅಪ್ಪಣೆ.
ನನ್ನ ಕಿವಿಯ ಮೇಲೆ ಇದ್ದೇ ಇದೆ
ತೋಳು ಕತ್ತರಿಸುವ ಮುಂಚೆ ಗುರುತು ಹಾಕುವುದು.

ಮಿನಾಸ್ ಬೆಟ್ಟಗಳಲ್ಲಿ ಚಿನ್ನ ತೀರಿ ಇನ್ನೂರು ವರ್ಷ.
ಉಳಿದದ್ದು ಏಳು ಇಗರ್ಜಿ, ಜಾರುವ ಕಲ್ಲುಬೀದಿ,
ಮತ್ತೆ ಈ ಮೇಜಿನ ಮೇಲೆ
ಸಾವಿನ ಪುಸ್ತಕ, ಸಂಪುಟ ಒಂಬತ್ತು.
ಬಾಣಂತಿಯ ಕೂಸಿನಂತೆ ಅದನ್ನು ದಿಂಬಿಗೊರಗಿಸಿ
‘ಉಗುಳು ಹಚ್ಚಿ ತಿರುಗಿಸಬೇಡಿ’ ಅನ್ನುತ್ತಾನೆ, ಪ್ರತಿ ಸಲ.
ಹಾಳೆಯಿಂದ ಹಾಳೆಗೆ ಸುರಂಗ.
ಇಲ್ಲಿ ಹುಳುಗಳೂ ಗಣಿ ತೋಡಿವೆ.

ಅಜ್ಜಿ ಎತೆಲ್ವೀನಾ ಬಿಟ್ಟುಹೋದ ಆಸ್ತಿ ಒಂದೇ ಮಾತು:
‘ನಮ್ಮವಳು ಸತ್ತದ್ದು ದೊಡ್ಡ ಗಂಟೆ ಬಿರಿದ ವರ್ಷ.’
ಯಾವಳು? ಅದು ಅಜ್ಜಿಗೂ ಗೊತ್ತಿರಲಿಲ್ಲ.
ಗಂಟೆಯ ಸುದ್ದಿ ಖರ್ಚಿನ ಪಟ್ಟಿಯಲ್ಲಿ ಸಿಕ್ಕಿತು:
ಸಾವಿರದ ಏಳುನೂರ ತೊಂಬತ್ತೊಂದು,
ಕಂಚು ಕರಗಿಸಿದವನಿಗೆ ಕೂಲಿ, ಊಟ, ಒಂದು ಟೊಪ್ಪಿ.

ಮೊದಮೊದಲು ಅಕ್ಷರ ಒಲಿಯಲಿಲ್ಲ.
ಮೂವರು ಪಾದ್ರಿಗಳು, ಮೂರು ಕೈ.
ಒಬ್ಬ ಬಳ್ಳಿ ಬಿಡಿಸಿದ. ಒಬ್ಬನದು ಇರುವೆ ಸಾಲು.
ಮೂರನೆಯವನು ಮುದುಕ, ಕೈನಡುಕದವನು.
ಅವನ ಸಾಲೆಲ್ಲ ಬಲಕ್ಕೆ ಜಾರುತ್ತವೆ, ನಮ್ಮೂರ ಬೀದಿಗಳ ಹಾಗೆ.
ಎರಡು ತಿಂಗಳಾದ ಮೇಲೆ
ಅವನು ಎಲ್ಲಿ ಕೆಮ್ಮಿದ, ಎಲ್ಲಿ ಮಸಿ ಅದ್ದಿದ,
ಅದನ್ನೂ ಓದಬಲ್ಲೆ.

ಹೊಲಿಗೆಯವಳು ನಾನು; ಹೆಸರಿಗಿಂತ ಮುಂಚೆ ಕಣ್ಣು ಬಟ್ಟೆಗೆ ಹೋಗುತ್ತದೆ.
ಕ್ಯಾಪ್ಟನ್: ಸಂತ ಫ್ರಾನ್ಸಿಸನ ನಿಲುವಂಗಿ,
ವೇದಿಕೆಯ ಮೆಟ್ಟಿಲ ಬಳಿ, ನಲವತ್ತು ಮೇಣದಬತ್ತಿ.
ವ್ಯಾಪಾರಿಯ ಹೆಂಡತಿ: ಕರಿ ರೇಷ್ಮೆ.
ಮೂರು ದಿನದ ಕೂಸು: ಬಣ್ಣದ ಬಟ್ಟೆ. ಯಾವ ಬಣ್ಣ, ಬರೆದಿಲ್ಲ.
ಆಮೇಲೆ ಅವರು, ಪುಟಕ್ಕೆ ಐದಾರು ಮಂದಿ:
ಜೊವಾಕಿಂ, ಅಂಗೋಲದವನು, ಇಂಥವರ ಗುಲಾಮ, ಹಳೆಯ ದುಪ್ಪಟಿ.
ಒಡೆಯನ ಹೆಸರು ಒಂದೂವರೆ ಸಾಲು,
ಸತ್ತವನದು ಒಂದೇ ಪದ.
ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಕಳೆದ ಗುರುವಾರ. ಹಾಳೆ ನೂರಾ ಹದಿನೇಳು, ಹಿಂಬದಿ.
‘ಮಾರ್ಚ್ ಹದಿನಾಲ್ಕರಂದು ತೀರಿಕೊಂಡವಳು’
ಅಲ್ಲಿಗೆ ತೂತು.
ಹುಳುವಿನದಲ್ಲ. ಮಸಿಯೇ ಸುಟ್ಟದ್ದು.
ಮುದುಕ ಅವತ್ತು ಲೇಖನಿಯನ್ನು ತುಸು ಹೆಚ್ಚೇ ಅದ್ದಿರಬೇಕು;
ಹೆಸರು ಬರೆದಷ್ಟೂ ಜಾಗ ಉದುರಿಹೋಗಿದೆ.
‘ಮಿನಾ ಕುಲದವಳು, ಸುಮಾರು ಅರವತ್ತು, ಬಟ್ಟೆ ಒಗೆಯುವವಳು,
ಯಾರೂ ಪಾದ್ರಿಯನ್ನು ಕರೆಯದ ಕಾರಣ ಸಂಸ್ಕಾರವಿಲ್ಲ.
ಬಿಳಿ ಬಟ್ಟೆ ಸುತ್ತಿ ಅಂಗಳದಲ್ಲಿ ಹೂಳಿದೆ.’

ನಾಲ್ಕೂವರೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಂದು
ಎದುರು ಹಾಳೆಯ ಮೇಲೆ ಕೂತಿತು.
ಅಲ್ಲೊಂದು ಕಂದು ನೆರಳು.
ಒಣಗುವ ಮುಂಚೆಯೇ ಪುಸ್ತಕ ಮುಚ್ಚಿಬಿಟ್ಟಿದ್ದಾನೆ ಪುಣ್ಯಾತ್ಮ,
ಊಟದ ಹೊತ್ತೋ, ಇನ್ನೊಂದು ಹೆಣವೋ.
ಜೇಬಿನ ಪೌಡರ್ ಡಬ್ಬಿ ಬೆನೆವೆನುತೊ ನೋಡಿರಲಿಲ್ಲ.
ಮುಚ್ಚಳ ತೆರೆದೆ, ಕನ್ನಡಿ ಹಿಡಿದೆ.
ನನ್ನ ಅರ್ಧ ಮೂಗು, ಅದರ ಪಕ್ಕ,
ಬಲಕ್ಕೆ ಜಾರುತ್ತ,
ಕಿತೇರಿಯಾ.

ಜೋರಾಗಿಯೇ ಅಂದೆನೇನೋ.
ಬೆನೆವೆನುತೊ ಕನ್ನಡಕ ಹಣೆಗೇರಿಸಿ ಬಂದ.
ಅದೇ ವರ್ಷ ಆಗಸ್ಟಿನಲ್ಲಿ ಇನ್ನೊಬ್ಬಳಿದ್ದಾಳೆ, ರೋಜಾ, ಅವಳೂ ಮಿನಾ.
ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಅಂದರೆ ಅವನು ಬಿಡುವವನಲ್ಲ:
‘ಪುರಾವೆ, ದೋನ ಜುಲ್ಮೀರಾ, ಪುರಾವೆ.’

ಇರಲಿ.
ಈ ಬಟ್ಟೆ ಎಷ್ಟು ಮೊಳ ಅಂತ ಎಲ್ಲಾದರೂ ಬರೆದಿದೆಯೇ, ಕೇಳಿದೆ.
ಬಟ್ಟೆಯ ಲೆಕ್ಕ ಯಾರು ಇಡುತ್ತಾರೆ ಅಂತ ನಕ್ಕ.
ಮೊಳ ಗೊತ್ತಾದರೆ
ಅವಳ ಎತ್ತರ ಹೇಳಬಲ್ಲೆ, ಅಂದೆ.
ಅವನು ಗಡಿಯಾರ ನೋಡಿದ.
ಸೀಸದಕಡ್ಡಿ ಮತ್ತೆ ಕಿವಿಯ ಮೇಲೆ.