ಫಲಾನುಭವಿ

ಇಲ್ಲಿ ಗಂಜಿಯನ್ನು ಫಲ ಎಂದು ಬರೆಯುತ್ತಾರೆ,
ಕೂಗುವಾಗ ಎಳೆದು ಫಾಲ ಎನ್ನುತ್ತಾರೆ.
ಮೊದಲ ವಾರ ನನಗದು ಹಣೆಯೆಂದೇ ಕೇಳಿಸಿತು:
ಆರುನೂರ ಹನ್ನೆರಡು ಮಕ್ಕಳು ಸಾಲಿನಲ್ಲಿ ನಿಂತು
ಹಣೆ ಕೊಡಿ, ಹಣೆ ಕೊಡಿ ಎಂದ ಹಾಗೆ.

ಚಿಲ್ವಾ ಸರೋವರದ ಈ ದಡದಲ್ಲಿ ಜನವರಿ ಅಂದರೆ
ಹೊಲದಲ್ಲಿ ಮೆಕ್ಕೆಜೋಳ ಎದೆಮಟ್ಟ, ಕಣಜದಲ್ಲಿ ಬರೀ ಹೊಟ್ಟು.
ಕಣ್ಣಿಗೆ ಹಸಿರೋ ಹಸಿರು,
ಬಾಯಿಗೆ ಬರಲು ಇನ್ನೂ ಎರಡು ತಿಂಗಳು.
ನಸುಕಿನ ನಾಲ್ಕಕ್ಕೆ ಸರದಿಯ ತಾಯಂದಿರು ಬಂದು
ಮಣ್ಣಿನ ಒಲೆ ಊದುತ್ತಾರೆ.
ಮಗುವಿಗೊಂದರಂತೆ ಕಟ್ಟಿಗೆ ತರಬೇಕು.
ತಡವಾಗಿ ಹುಡುಕಿದವರದು ಒದ್ದೆ.
ಹೊಗೆಗೆ ಎಲ್ಲರ ಕಣ್ಣೂ ಕೆಂಪು,
ನಿಜಕ್ಕೂ ಅತ್ತವರು ಯಾರೆಂದು ತಿಳಿಯುವುದಿಲ್ಲ.

ನಾನು ತಂದದ್ದು ಒಂದು ತಕ್ಕಡಿ, ತೋಳಳೆಯುವ ಪಟ್ಟಿ,
ಮುನ್ನೂರು ಮಿಲಿ ಹಿಡಿಯುವ ಉಕ್ಕಿನ ಸೌಟು.
ತಲೆಗೆ ಅರವತ್ತು ಗ್ರಾಂ ಹಿಟ್ಟು,
ಐದರಲ್ಲೊಂದು ಪಾಲು ಸೋಯಾ,
ಚಿಟಿಕೆಯೊಳಗೆ ಕಬ್ಬಿಣ, ಸತು.
ಕಾಗದದ ಮೇಲೆ ಹಸಿವು
ಶೇಷವಿಲ್ಲದೆ ಭಾಗವಾಗಿತ್ತು.

ಅಮಾಯಿ ಎಲೂಬೀ ಸೌಟನ್ನು ತಿರುಗಿಸಿ ನೋಡಿದರು.
ಚೆನ್ನಾಗಿದೆ ಎಂದರು.
ಗೋಡೆಯ ಮೊಳೆಗೆ ನೇತುಹಾಕಿ
ಅಂಚು ಸುಟ್ಟ ತಮ್ಮ ಪ್ಲಾಸ್ಟಿಕ್ ಚೊಂಬನ್ನೇ ಹಂಡೆಗಿಳಿಸಿದರು.

ನಾನು ಸುಮ್ಮನಿರುವವಳಲ್ಲ,
ಬಡಿಸುವಲ್ಲೇ ನಿಂತು ಗೀಟು ಹಾಕಿಕೊಂಡೆ.
ಮೂರನೇ ತರಗತಿಯ ಅಲೆಫಾಳಿಗೆ ದಿನವೂ ಹೆಚ್ಚು,
ಡಬ್ಬಿಯ ಕಂಠದವರೆಗೆ.
ಆದರೂ ಒಂದು ತಿಂಗಳಿಂದ ಅವಳ ತೂಕ
ಹಠ ಹಿಡಿದ ಮೇಕೆಯಂತೆ
ಇದ್ದಲ್ಲೇ ಕೂತಿದೆ.

ಒಂದು ದಿನ ಹಿಂದೆಯೇ ಹೋದೆ.
ಕೈಪಂಪು ದಾಟಿ, ಮಾವಿನ ಮರದ ಆಚೆ ಮಗ್ಗುಲಿಗೆ,
ಮಾರ್ಗರಿನ್ ಡಬ್ಬಿಯಲ್ಲಿ ಅರ್ಧ ಉಳಿಸಿಕೊಂಡು ಅವಳು,
ಹರಿದ ಚಿತೆಂಜೆ ಬಟ್ಟೆಯ ಮೇಲೆ ತಮ್ಮ.
ಬೆರಳಿನಲ್ಲಿ ತೆಗೆದು ತಿನ್ನಿಸುತ್ತಿದ್ದಳು,
ಆರಿದ್ದನ್ನೂ ಮತ್ತೆ ಊದಿ.
ಹೆಸರು ಲಿಂಬಾನಿ. ಗಟ್ಟಿಯಾಗಿರು ಎಂದು ಅರ್ಥವಂತೆ.
ತೋಳಿಗೆ ಪಟ್ಟಿ ಸುತ್ತಿದೆ: ಹಳದಿ.
ವಯಸ್ಸು ನಾಲ್ಕು.
ಹಾಜರಿ ಪುಸ್ತಕಕ್ಕೆ ಇನ್ನೂ ಎರಡು ವರ್ಷ.

ಹಾಗಾದರೆ ನಿನಗೆ ಸಾಕಾಗುತ್ತದೆಯೆ, ಕೇಳಿದೆ
ನನ್ನ ಅರೆಬರೆ ಚಿಚೆವಾದಲ್ಲಿ.
ಅವಳು ಭುಜ ಹಾರಿಸಿದಳು: ಕಾಯ.
ಕಾಯ ಅಂದರೆ ಅವರಲ್ಲಿ, ಯಾರಿಗೆ ಗೊತ್ತು.
ಅಷ್ಟೇ. ನನ್ನ ಕಿವಿ ಮಾತ್ರ
ತಾಯ್ನುಡಿಯನ್ನು ಬಿಟ್ಟು ಬಂದಿರಲಿಲ್ಲ.
ಕಾಯ.
ಮರದಡಿಯಲ್ಲಿ ಎರಡು, ಲೆಕ್ಕದಲ್ಲಿ ಒಂದು.

ನಿಮಗೆ ಮೊದಲೇ ಗೊತ್ತಿತ್ತೆ ಎಂದೆ ಅಮಾಯಿಯನ್ನು.
ಹಂಡೆಯೊಳಗೆ ಅರ್ಧ ಇಳಿದು ತಳ ಕೆರೆಯುತ್ತಿದ್ದರು.
ನಿನ್ನ ಸೌಟಿಗೆ ಗೊತ್ತಿರಲಿಲ್ಲ,
ದನಿ ಹಂಡೆಯಿಂದಲೇ ಬಂತು.
ಆಮೇಲೆ ತಳಕ್ಕಂಟಿದ ಹಕ್ಕಳೆ ಎಬ್ಬಿಸಿ
ಒಂದು ತುಂಡು ನನ್ನ ಅಂಗೈಗೂ ಇಟ್ಟರು:
ತಿನ್ನು, ನಿನ್ನ ತೋಳೂ ಅಷ್ಟಕ್ಕಷ್ಟೇ.
ಸೀದಿತ್ತು. ಸಿಹಿಯೂ ಇತ್ತು.

ರಾತ್ರಿ ವರದಿ ತುಂಬಬೇಕಿತ್ತು.
ಅಳತೆಯಂತೆ ಬಡಿಸುತ್ತಾರೆಯೆ?
ಹೌದು, ಇಲ್ಲ, ಎರಡೇ ಮನೆ.
ಅದರ ಕೆಳಗೆ ಒಂದು ಉದ್ದನೆಯ ಇಂಗ್ಲಿಷ್ ಮಾತು,
ಕನ್ನಡದಲ್ಲಿ ಓದಿಕೊಂಡರೆ ಫಲಾನುಭವಿಗಳು.
ನಗು ಬಂತು, ಒಬ್ಬಳೇ ಇದ್ದೆ.
ಆರುನೂರ ಹನ್ನೆರಡು ಎಂದು ಬರೆದೆ.
ಹೊಡೆದುಹಾಕಿ ಹದಿಮೂರು ಎಂದೆ.
ಅಲೆಫಾ ಒಬ್ಬಳೇ ಅಕ್ಕನೆ ಈ ಊರಿಗೆ?
ಮತ್ತೆ ನಾನು ತಿಂದ ಹಕ್ಕಳೆ?
ಮೇಣದಬತ್ತಿ ಬೆರಳುದ್ದವಾಯಿತು,
ಆ ಮನೆ ಖಾಲಿ ಉಳಿಯಿತು.

ನಾಲ್ಕಕ್ಕೆ ಊದುವ ಸದ್ದು.
ಎದ್ದು ಟಾರ್ಚು ಹಿಡಿದು ಹೊರಟೆ ಕಟ್ಟಿಗೆಗೆ.
ರಾತ್ರಿಯಿಡೀ ಹನಿದಿತ್ತು,
ಸಿಕ್ಕಿದ್ದೆಲ್ಲ ಹಸಿ.