ಮುಳುಗೋ ಕೆಲಸ

ಮೂರುನೂರು ರೂಪಾಯಿ, ಒಂದು ಪೊಟ್ಟಣ ಚಿತ್ರಾನ್ನ,
ಮೈ ಒರಸಾಕ ಟವೆಲ್ಲು.
ವರ್ಷಕ್ಕೊಮ್ಮೆ, ರೋಹಿಣಿ ಮಳಿ ಮುಗಿಯೋದ್ರೊಳಗ,
ಮುಳುಗೋ ಕೆಲಸ ನನಗ.

ರಾಯಚೂರಿನಿಂದ ಜೀಪು ಬರ್ತಾವ,
ಹಿಂದ ಟ್ರ್ಯಾಕ್ಟರಿನಾಗ ರಬ್ಬರ್ ದೋಣಿ,
ದಂಡಿ ತುಂಬ ಕಿತ್ತಳಿ ಬಣ್ಣದ ಅಂಗಿ.
ಶಾಮಿಯಾನದಾಗ ನಕ್ಷೆ ಬಿಚ್ಚತಾರ.
ಹೊಳಿ ನಡುವಿನ ನಮ್ಮ ಗಡ್ಡಿ ಅದರಾಗ ಒಂದು ಕೆಂಪು ಪಿನ್ನು:
ಮನಿ ಹದಿನಾರು, ಜನ ಎಪ್ಪತ್ತೊಂದು,
ಬಸುರಿ ಇಬ್ಬರು.
ಎಷ್ಟು ಲಕ್ಷ ಕ್ಯೂಸೆಕ್ಸಿಗೆ ಯಾವ ಸಾಲಿಗೆ ಹೋಗಬೇಕು
ಓದಿ ಹೇಳ್ತಾರ.
ಆಡಿನ ಲೆಕ್ಕ ಅದರಾಗ ಇಲ್ಲ.

ಹೊಳಿ ಮಾತ್ರ ಆ ದಿನ ಮೊಣಕಾಲುದ್ದ,
ಕರೆದ್ರೂ ಏಳಲಾರದ ಮುದುಕಿಯಂಗ
ಬಂಡೆಗಳ ಸಂದಿನಾಗ ಕುಂತಿರ್ತದ.
ಹಿಂಗಾಗಿ ಜಾಕ್‌ವೆಲ್ಲಿನ ಮಡುವಿಗೆ ಹೋಗ್ತೀವಿ;
ಮುಳುಗೋವಷ್ಟು ನೀರು ಅಲ್ಲೇ ಇರೋದು.

ಮೊದಲನೇ ವರ್ಷ ತೇಲಿಬಿಟ್ಟೆ.
ಹರಗೋಲು ಹಾಕೋ ಮನೆತನ ನಮ್ದು,
ಈ ಮೈಗೆ ನೀರಂದ್ರ ಹಾಸಿಗಿ.
"ಬೂದೆಪ್ಪಾ, ಸ್ವಲ್ಪ ಕಷ್ಟಪಡೋ!"
ಮೈಕಿನಾಗ ಕೂಗಿದ್ರು.
ಸಾಲಿ ಹುಡುಗ್ರು ನಕ್ಕವು.

ಎರಡನೇ ವರ್ಷ ಹೇಳಿಕೊಟ್ರು:
ಕೈ ಎತ್ತು, ಬೀಸು, ಕಾಪಾಡ್ರಿ ಅಂತ ಒದರು.
ಎತ್ತಿದೆ. ಬೀಸಿದೆ. ಒದರಿದೆ.
ಹಗ್ಗ ಬಂತು, ದೋಣಿ ಬಂತು,
ಆರು ನಿಮಿಷ ನಲವತ್ತು ಸೆಕೆಂಡು.
ಚಪ್ಪಾಳಿ.
ಎದಿ ಒತ್ತಿದಂಗ ಮಾಡಿ ಮೂವತ್ತು ಎಣಿಸಿದ್ರು,
ಕಣ್ಣು ಮುಚ್ಚಿ ನಾನೂ ಎಣಿಸಿದೆ.
ವರದಿಯಾಗ ಬರೆದ್ರು: ಗಾಯಾಳು ನಾಲ್ಕು,
ಮೃತ ಒಂದು, ಕಂಸದಾಗ 'ಅಣಕು'.
ಸತ್ತವನೇ ಹೆಬ್ಬೆಟ್ಟು ಒತ್ತಿ
ರೊಕ್ಕ ಎಣಿಸಿಕೊಂಡ.

ಈ ವರ್ಷ ಬಂದವರು ಹೊಸಬರು,
ಸಬೀಹಾ ಮೇಡಂ, ಮಾನ್ವಿ ಕಡೆಯವರು.
"ಒದರು" ಅಂದ್ರು. ಒದರಲಿಲ್ಲ.
ಇನ್ನೊಮ್ಮೆ ಅಂದ್ರು.
ಬಾಯಾಗ ನೀರಿತ್ತು ಅಂತಲ್ಲ.

ದಂಡಿಗೆ ಬಂದು ಹೇಳಿದೆ:
ಮೇಡಮ್ಮಾರ, ಮುಳುಗೋರು ಒದರೂದಿಲ್ಲ.
ಕೈ ಎತ್ತೂದಿಲ್ಲ; ಕೈ ನೀರನ್ನ ಕೆಳಗ ಒತ್ತತಾವ,
ಕತ್ತಲದಾಗ ಏಣಿ ಮೆಟ್ಲ ಹುಡುಕಿದಂಗ.
ಬಾಯಿ ನೀರಿನ ಮಟ್ಟಕ್ಕ, ಕಣ್ಣು ಗಾಜಿನಂಗ.
ನೋಡಿದೋರಿಗೆ ಆಟ ಆಡಾಕತ್ತಾರ ಅನ್ನಸ್ತದ.

ನೋಡಿದೋನು ನಾನು.
ಮ್ಯಾಲಿನ ಡ್ಯಾಮಿನವರು ಎಲ್ಲಾ ಗೇಟು ಎತ್ತಿದ ವರ್ಷ
ಆಡು ಸಾಗಿಸೋ ಮೂರನೇ ಸುತ್ತಿನಾಗ
ನನ್ನ ಹರಗೋಲಿನಿಂದ ಎಂಟು ಮಾರು ದೂರ
ತಂಗಿ ಮಗಳು ದ್ಯಾವಮ್ಮ.
ನನ್ನ ಕಡೆ ನೋಡಿದ್ಲು. ನಾನೂ ನೋಡಿ ನಕ್ಕೆ.
ಕೈಯಾಗಿನ ಹುಟ್ಟು ಬಿಡಲಿಲ್ಲ.
ಹನ್ನೊಂದು ಆಡು ದಂಡಿ ಮುಟ್ಟಿದ್ವು.

ಮೇಡಂ ಪೆನ್ನಿನ ಮುಚ್ಚಳ ತೆಗೆದ್ರು, ಹಾಕಿದ್ರು.
ಶಾಮಿಯಾನದಾಗ ಊಟದ ಸಾಲು ಶುರುವಾಗಿತ್ತು.
"ಇನ್ನೊಮ್ಮೆ ಇಳೀತೀರಾ?" ಅಂದ್ರು,
ಮೊದಲ ಸಲ ಬಹುವಚನ.
ಮೈಕು ಬಂದ್ ಮಾಡಿಸಿದ್ರು.
ಹುಡುಗ್ರಿಗೆ ಹೇಳಿದ್ರು: ಕಿವಿ ಬ್ಯಾಡ, ಕಣ್ಣು.
ಯಾವಾಗ ಅಂತ ಅವರು ಹೇಳೂದಿಲ್ಲ.

ಮಡುವಿಗಿಳಿದು ಸುಮ್ಮನ ನಿಂತೆ.
ದೂರ ಶಕ್ತಿನಗರದ ಚಿಮಣಿ ಹೊಗಿ,
ದಂಡಿಮ್ಯಾಲೆ ಮೂವತ್ತು ಜನ,
ಯಾರೂ ನಗಲಿಲ್ಲ.
ಅಷ್ಟು ಮಂದಿ ಒಟ್ಟಿಗೆ ನನ್ನ ಮುಖ ನೋಡಿದ್ದು
ಮದುವಿ ದಿನಾನೂ ಇಲ್ಲ.
ಬಾಯಿ ನೀರಿನ ಮಟ್ಟಕ್ಕ ತಂದೆ.
ಕೈ ಕೆಳಗ ಒತ್ತಿದೆ.

ಮೀಸಿ ಸರಿಯಾಗಿ ಬಂದಿರದ ಹುಡುಗ ಒಬ್ಬ
ಸೀಟಿ ಊದೋಕಿಂತ ಮೊದಲ ಜಿಗಿದ.
ಬೂಟು ಬಿಚ್ಚಿರಲಿಲ್ಲ, ಆಮ್ಯಾಲೆ ಬೈಸಿಕೊಂಡ.
ಅವನ ಕೈ ನನ್ನ ಕಂಕುಳಿಗೆ ಬಂದಾಗ
ದಂಡಿ ಕಡೆ ತಿರುಗಿ ಅಳತಿ ಹಾಕಿದೆ:
ಎಂಟು ಮಾರು, ಹೆಚ್ಚಂದ್ರ ಒಂಬತ್ತು.

ಕಾಗದದಾಗ ಈ ಸಲ ಮೃತ ಸೊನ್ನಿ.
ರೊಕ್ಕ ಅಷ್ಟೇ, ಮೂರುನೂರು.
ಚಿತ್ರಾನ್ನ ಹಳಸಿತ್ತು.